ಹೊರದೇಶದ ಅನಾಥಾಶ್ರಮದಿಂದ ದತ್ತು ಪಡೆದ ಮಗುವನ್ನು ವಿಮಾನದಲ್ಲಿ ಮನೆಗೆ ಕರೆತರುವಾಗ ಏನೇನು ನೋಡಿಕೊಳ್ಳಬೇಕು?

ಕಾಗದಪತ್ರದ ಮಾತು ಮೊದಲು ಮುಗಿಸೋಣ. ಮಗು ಸಾಮಾನ್ಯವಾಗಿ ತಾನು ಹುಟ್ಟಿದ ದೇಶದ ಪಾಸ್‌ಪೋರ್ಟ್‌ನಲ್ಲೇ ಹೊರಡುತ್ತದೆ. ಹಾಗಿದ್ದರೆ ನಿಮ್ಮ ದೇಶಕ್ಕೆ ವೀಸಾ ಬೇಕಾಗಬಹುದು. ಎರಡೂ ದೇಶಗಳು 1993ರ ಹೇಗ್ ದತ್ತು ಒಪ್ಪಂದಕ್ಕೆ (ದೇಶದಿಂದ ದೇಶಕ್ಕೆ ದತ್ತು ಕೊಡುವ ನಿಯಮಗಳ ಅಂತರರಾಷ್ಟ್ರೀಯ ಒಪ್ಪಂದ) ಸೇರಿದ್ದರೆ ಅದರ 23ನೇ ವಿಧಿಯ ಪ್ರಮಾಣಪತ್ರ, ಅಂದರೆ ದತ್ತು ಆ ಒಪ್ಪಂದದ ಪ್ರಕಾರವೇ ಆಗಿದೆ ಎಂಬ ದಾಖಲೆ, ಮರೆಯಬೇಡಿ. ದತ್ತು ಆದೇಶ, ಲಸಿಕೆ ವಿವರ ಎಲ್ಲ ಕೈಚೀಲದಲ್ಲೇ ಇರಲಿ.

ನಿಜವಾದ ಕಷ್ಟ ಬೇರೆ. ನೀವು ಮನೆಗೆ ಹೋಗ್ತಿದ್ದೀರಿ, ಮಗು ತನಗೆ ಗೊತ್ತಿದ್ದ ಒಂದೇ ಮನೆಯನ್ನು ಬಿಟ್ಟು ಬರ್ತಿದೆ. ವಾಸನೆ, ಭಾಷೆ, ಮುಖ ಎಲ್ಲ ಒಮ್ಮೆಲೇ ಬದಲು. ಕೆಲವು ಮಕ್ಕಳು ಗಂಟೆಗಟ್ಟಲೆ ಅಳುತ್ತವೆ. ಕೆಲವು ಅಲುಗಾಡದೆ ಕೂತುಬಿಡುತ್ತವೆ. ಪಕ್ಕದ ಸೀಟಿನವರು 'ಎಷ್ಟು ಒಳ್ಳೆ ಮಗು' ಅಂತಾರೆ, ಆದರೆ ಆ ಮೌನ ಹೆದರಿಕೆಯೂ ಆಗಿರಬಹುದು ಅಲ್ವಾ? ಆಶ್ರಮದಲ್ಲಿ ಹೊದೆಯುತ್ತಿದ್ದ ಬಟ್ಟೆಯನ್ನು ಕೇಳಿ ತನ್ನಿ. ಸದ್ಯಕ್ಕೆ ಒಗೆಯಬೇಡಿ, ಆ ವಾಸನೆಯೇ ಸಮಾಧಾನ. ಅಲ್ಲಿ ಕೊಡುತ್ತಿದ್ದ ಹಾಲಿನ ಪುಡಿಯನ್ನೇ ಮುಂದುವರಿಸಿ. ನೀರು, ಹಸಿವು, ನೋವು ಎಂಬ ಮಾತುಗಳನ್ನು ಮಗುವಿನ ಭಾಷೆಯಲ್ಲಿ ಕಲಿತಿಟ್ಟುಕೊಳ್ಳಿ.

ವಿಮಾನ ಇಳಿಯುವಾಗ ಗಾಳಿಯ ಒತ್ತಡ ಏರಿ ಕಿವಿ ನೋಯುತ್ತದೆ. ಮಕ್ಕಳ ಕಿವಿಯ ಒಳನಾಳ ಕಿರಿದು, ಅದಕ್ಕೇ ನೋವು ಜಾಸ್ತಿ. ಬಾಟಲಿಯಲ್ಲಿ ಹಾಲೋ ನೀರೋ ಕುಡಿಸಿ, ನುಂಗಿದಾಗ ನಾಳ ತೆರೆದುಕೊಳ್ಳುತ್ತದೆ. ದ್ರವಕ್ಕೆ 100 ಮಿಲಿ ಮಿತಿ ಇರುವ ಕಡೆಯೂ ಮಗುವಿನ ಹಾಲಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ತಪಾಸಣೆಯಲ್ಲಿ ಮೊದಲೇ ಹೇಳಿ.

ಸಾಧ್ಯವಾದರೆ ನಡುವೆ ಒಂದು ರಾತ್ರಿ ತಂಗಿ. ವಿಮಾನ ನಿಲ್ದಾಣಕ್ಕೆ ನೆಂಟರ ದಂಡು ಬರುವುದು ಬೇಡ ಅಂತ ಈಗಲೇ ಹೇಳಿಬಿಡಿ.