ಗದ್ದದ ಮಾತು ಆಮೇಲೆ, ಮೊದಲು ಬಾಯಿ ತೋರಿಸು

ಈ ವಾರ ಬಂದ ಕಾಗದಗಳಲ್ಲಿ ಒಂದನ್ನ ಓದಿದ ಮೇಲೆ ಬೇರೆ ಯಾವ್ದಕ್ಕೂ ಉತ್ರ ಬರೆಯೋಕೆ ಮನಸ್ಸೇ ಬರ್ಲಿಲ್ಲ, ಹಾಗಾಗಿ ಉಳಿದವರು ದಯವಿಟ್ಟು ಮುಂದಿನ ವಾರದವರೆಗೆ ಕಾಯಿರಿ.

ಬರೆದಿರೋದು ಹೊಸನಗರ ಕಡೆಯ ಹುಡುಗ. ವಯಸ್ಸು 29, ಬಿಕಾಂ ಆಗಿದೆ, ಬೆಂಗಳೂರಲ್ಲಿ ಕೆಲ್ಸದಲ್ಲಿದ್ದೋನು ಅಪ್ಪ ತೀರ್ಕೊಂಡ ಮೇಲೆ ತೋಟ ನೋಡ್ಕೊಳ್ಳೋಕೆ ಅಂತ ಊರಿಗೆ ವಾಪಸ್ ಬಂದಿದಾನೆ, ಮನೇಲಿ ಈಗ ಅಮ್ಮ ಮತ್ತೆ ಇವನು ಇಬ್ರೇ. ಸಾಗರದ ಕಡೆ ಒಂದು ಹೆಣ್ಣು ನೋಡೋಕೆ ಹೋಗಿದ್ರು, ಅವರು ಬೇಡ ಅಂದ್ರು. ಕಾರಣ ಏನು ಅಂದ್ರೆ "ಹುಡುಗಂಗೆ ಗದ್ದನೇ ಇಲ್ಲ" ಅಂತಂತೆ. ಇದನ್ನ ಆ ಹುಡುಗಿ ಹೇಳಿದ್ದಲ್ಲ, ಹುಡುಗಿಯ ಚಿಕ್ಕಮ್ಮ ಸಂಬಂಧ ತಂದೋರ ಹತ್ರ ಹೇಳಿ, ಅವರು ಇವನ ಭಾವಂಗೆ ಹೇಳಿ, ಭಾವ ಬಂದು ಇವನ ಕಿವಿಗೆ ಹಾಕಿದ್ದು. ಅವತ್ತಿಂದ ಭಾವ ದಿನಾ ಒಂದು ರೀಲ್ಸ್ ಕಳಿಸ್ತಾರೆ, ಜಾಲೈನ್ (ದವಡೆಯ ಗೆರೆ) ಹೀಗೆ ಮಾಡಿಸ್ಕೋಬಹುದು ಹಾಗೆ ಮಾಡಿಸ್ಕೋಬಹುದು ಅಂತ. ಹುಡುಗ ಈಗ ಗಡ್ಡ ಬಿಟ್ಕೊಂಡು ಓಡಾಡ್ತಿದಾನೆ, ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಫೋನ್ ಮಾಡಿ ವಿಚಾರಿಸಿದಾನೆ, ಸೊಸೈಟಿ ಸಾಲದಲ್ಲಿ ದುಡ್ಡು ಹೊಂದಿಸ್ಬಹುದು ಅಂತ ಲೆಕ್ಕನೂ ಹಾಕಿದಾನೆ. ಅವನ ಪ್ರಶ್ನೆ ಇಷ್ಟು: "ಅಕ್ಕಾ, ಫಿಲ್ಲರ್, ಇಂಪ್ಲಾಂಟ್, ಮೂಳೆ ಕಟ್ ಮಾಡಿ ಮುಂದೆ ತರೋ ಆಪರೇಷನ್, ಈ ಮೂರರಲ್ಲಿ ಯಾವ್ದು ಬೇಗ ವಾಸಿ ಆಗುತ್ತೆ? ಅಡಿಕೆ ಕೊನೆಕೊಯ್ಲು ಶುರು ಆಗೋದ್ರೊಳಗೆ ಮುಗಿಸ್ಬೇಕು."

ಉತ್ರ ಕೊಡ್ತೀನಿ ತಮ್ಮ, ನೀನು ಕೇಳಿದ್ದಕ್ಕೂ ಕೊಡ್ತೀನಿ. ಆದ್ರೆ ನಿನ್ನ ಕಾಗದದಲ್ಲಿ ನೀನು ಹಾಗೇ ಸುಮ್ನೆ ಬರೆದು ದಾಟಿ ಹೋಗಿರೋ ಎರಡು ಸಾಲು ಇದಾವೆ, ನಂಗೆ ರಾತ್ರಿ ನಿದ್ದೆ ಬರದೇ ಇರೋ ಹಾಗೆ ಮಾಡಿದ್ದು ಅವು.

ಒಂದು ಕಡೆ ಬರೀತೀಯ: "ಆಪರೇಷನ್ ಆದ್ಮೇಲೆ ಮೆತ್ತಗಿನ ಊಟ ಅಂತಾರೆ, ಅದು ನಂಗೆ ಕಷ್ಟ ಆಗಲ್ಲ ಅಕ್ಕ, ಈಗ್ಲೂ ಅಮ್ಮ ನಂಗೆ ಅಂತ ಖಾರ ಹಾಕ್ದೆ ಬೇರೆ ಸಾರು ತೆಗೆದಿಡ್ತಾರೆ, ದೋಸೆ ಕೂಡ ಸಣ್ಣ ಸಣ್ಣ ಚೂರು ಮಾಡ್ಕೊಂಡೇ ತಿನ್ನೋದು, ಬಾಯಿ ಅಷ್ಟು ಅಗಲ ತೆಗೆಯೋಕೆ ಬರಲ್ಲ." ಇನ್ನೊಂದು ಕಡೆ: "ಬೀಡಿ, ಸಿಗರೇಟು, ಕುಡಿತ ಯಾವ್ದೂ ಇಲ್ಲ, ತೋಟದಲ್ಲಿರುವಾಗ ಪಾನ್ ಮಸಾಲ ಜೊತೆ ತಂಬಾಕು ಮಿಕ್ಸ್ ಮಾಡಿ ದಿನಕ್ಕೆ ನಾಲ್ಕೈದು ಸಲ, ಅಷ್ಟೇ."

ಅಷ್ಟೇ ಅಲ್ಲ ಮಾರಾಯ, ಪಾನ್ ಮಸಾಲದಲ್ಲಿರೋದೂ ಅಡಿಕೆನೇ. ನಾನು ಡಾಕ್ಟರ್ ಅಲ್ಲ, ಕಾಗದ ಓದಿ ಕಾಯಿಲೆ ಹೆಸರಿಡೋದು ನನ್ನ ಕೆಲ್ಸ ಅಲ್ಲ, ಆದ್ರೆ ಖಾರ ತಾಕಿದ್ರೆ ಉರಿ, ಬಾಯಿ ಪೂರ್ತಿ ತೆಗೆಯೋಕೆ ಆಗಲ್ಲ, ವರ್ಷಗಟ್ಲೆ ಅಡಿಕೆ ಜಗಿದಿರೋದು, ಈ ಮೂರು ಒಂದೇ ಬಾಯಲ್ಲಿ ಇದ್ರೆ ಹಲ್ಲಿನ ಡಾಕ್ಟರ್‌ಗಳು ಮೊದಲು ಅನುಮಾನ ಪಡೋದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನೋ ಕಾಯಿಲೆನ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶ ಕೆನ್ನೆಯ ಒಳಪದರದಲ್ಲಿ ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನ್ ಬೇಕಾದ್ದಕ್ಕಿಂತ ಜಾಸ್ತಿ ಬೆಳೆಯೋ ಹಾಗೆ ಮಾಡುತ್ತೆ, ಅಡಿಕೆಯಲ್ಲಿರೋ ತಾಮ್ರ ಅದನ್ನ ಇನ್ನೂ ಗಟ್ಟಿ ಮಾಡುತ್ತೆ. ಒಳಗಡೆ ಬಿಳಿಚಿಕೊಳ್ಳುತ್ತೆ, ಕೆನ್ನೆ ಒಳಗೆ ಬೆರಳಿಟ್ಟು ಸವರಿದ್ರೆ ಹುರಿಹಗ್ಗದ ಥರ ಪಟ್ಟಿ ಸಿಗುತ್ತೆ, ವರ್ಷ ಹೋದ ಹಾಗೆ ಬಾಯಿ ಮುಚ್ಕೊಳ್ತಾ ಬರುತ್ತೆ. ಇದು ಕ್ಯಾನ್ಸರ್ ಅಲ್ಲ, ಆದ್ರೆ ಕ್ಯಾನ್ಸರ್‌ಗೆ ತಿರುಗೋ ಸಾಧ್ಯತೆ ಇರೋ ಕಾಯಿಲೆ. ಅದಕ್ಕೇ ನಾನು ಗದ್ದದ ವಿಷ್ಯ ಪಕ್ಕಕ್ಕಿಟ್ಟು ಇದನ್ನ ಹಿಡ್ಕೊಂಡು ಕೂತಿರೋದು.

ಈ ಮಾತು ಬರೆದಾಗೆಲ್ಲ ನಮ್ಮ ಕಡೆಯೋರಿಗೆ ಸಿಟ್ಟು ಬರುತ್ತೆ, ಗೊತ್ತು. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಮಕ್ಕಳ ಫೀಸು ಕಟ್ಟಿರೋದು, ಮನೆ ಕಟ್ಟಿರೋದು, ಮದುವೆ ಮಾಡಿರೋದು ಎಲ್ಲ ಅಡಿಕೆ ದುಡ್ಡಲ್ಲೇ, ರಾಶಿ ಇಡಿ ಅಡಿಕೆ ರೇಟು ಬಿದ್ರೆ ಇಡೀ ಊರಿನ ಮುಖ ಬಾಡುತ್ತೆ, ನಮ್ಮ ಮನೆಯ ಅನ್ನನೂ ಅದ್ರಲ್ಲೇ ಬೆಂದಿದ್ದು. ಬೆಳೆಗಾರರ ಮೇಲೆ ನಂಗೆ ಒಂದು ಚೂರೂ ಸಿಟ್ಟಿಲ್ಲ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಸೇರಿಸ್ದೇ ಇದ್ರೂ ಬರೀ ಅಡಿಕೆನೇ ಕ್ಯಾನ್ಸರ್ ಕಾರಕ ಅಂತ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಯ್ತು, ಆಮೇಲೆ ಏನಾಯ್ತು, ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಅಂಗಡಿ ಮುಂದೆ ಎರಡೂ ಪಕ್ಕಪಕ್ಕದಲ್ಲೇ ನೇತಾಡ್ತವೆ, ಹುಡುಗರು ಅಂಗೈಲಿ ಮಿಕ್ಸ್ ಮಾಡ್ಕೋತಾರೆ. ನಮ್ಮ ಹುಡುಗರ ಬಾಯಿಗಿಂತ ಕ್ವಿಂಟಾಲ್ ರೇಟು ದೊಡ್ಡದಲ್ಲ, ಇದನ್ನ ನಾನು ಇನ್ನೂ ಹತ್ತು ಸಲ ಬರೀತೀನಿ.

ಈಗ ನೀನು ಕೇಳಿದ್ದಕ್ಕೆ ಬರ್ತೀನಿ, ಯಾಕಂದ್ರೆ ಅದಕ್ಕೂ ಇದಕ್ಕೂ ಸಂಬಂಧ ಇದೆ, ಯಾರೂ ನಿಂಗೆ ಹೇಳಿಲ್ಲ.

ಫಿಲ್ಲರ್ ಅಂದ್ರೆ ಸಾಮಾನ್ಯವಾಗಿ ಹಯಲುರಾನಿಕ್ ಆಸಿಡ್ ಜೆಲ್, ಗದ್ದಕ್ಕೆ ಸೂಜಿಲಿ ತುಂಬೋದು. ಅರ್ಧ ಗಂಟೆ ಕೆಲ್ಸ, ಊತ, ಕಂದುಗಟ್ಟಿದ್ದು ಕೆಲವು ದಿನದಿಂದ ಎರಡು ವಾರದೊಳಗೆ ಇಳಿಯುತ್ತೆ, ಮಾರನೇ ದಿನವೇ ಕೆಲ್ಸಕ್ಕೆ ಹೋಗೋರೂ ಇದಾರೆ. ಒಂದು, ಒಂದೂವರೆ ವರ್ಷಕ್ಕೆ ಕರಗುತ್ತೆ, ಮತ್ತೆ ಹಾಕಿಸ್ಬೇಕು, ಮತ್ತೆ ದುಡ್ಡು. ಅಪರೂಪಕ್ಕೆ ಜೆಲ್ ರಕ್ತನಾಳದೊಳಗೆ ಹೋಗಿ ಅಡ್ಡ ಕಟ್ಟಿದ್ರೆ ಚರ್ಮ ಬಿಳಿಚಿ, ವಿಪರೀತ ನೋವು ಬಂದು, ಆ ಜಾಗದ ಚರ್ಮ ಸತ್ತೇ ಹೋಗ್ಬಹುದು, ಆಗ ತಕ್ಷಣ ಹಯಲುರೊನಿಡೇಸ್ ಅನ್ನೋ ಇಂಜೆಕ್ಷನ್ ಕೊಟ್ಟು ಕರಗಿಸ್ಬೇಕು, ಅದು ಗೊತ್ತಿರೋ ಡಾಕ್ಟರ್ ಕೈಲಿ ಮಾತ್ರ ಸೂಜಿ ಇರ್ಬೇಕು. ಪಾರ್ಲರ್‌ನಲ್ಲಿ ಮುಖಕ್ಕೆ ಸೂಜಿ ಬೇಡ ಅಂತ ಎಷ್ಟು ಸಲ ಬರೆದ್ರೂ ಇನ್ನೂ ಕಾಗದ ಬರ್ತಾನೇ ಇದಾವೆ. ನಿಂಗೆ ಬೇಕಾಗಿರೋ ವಿಷ್ಯ ಇದು: ಅದೇ ಹಯಲುರೊನಿಡೇಸ್‌ನ, ಜೊತೆಗೆ ಸ್ಟೆರಾಯ್ಡ್‌ನ, ಬಾಯಿ ಬಿಗಿಯೋ ಈ ಕಾಯಿಲೆಗೂ ಕೆನ್ನೆ ಒಳಗೆ ಕೊಡ್ತಾರೆ. ಇವತ್ತು ದುಡ್ಡು ಕೊಟ್ಟು ಗದ್ದಕ್ಕೆ ಜೆಲ್ ಹಾಕಿಸ್ಕೊಂಡು, ನಾಳೆ ಅದನ್ನ ಕರಗಿಸೋ ಔಷಧಿನೇ ಬಾಯಿಗೆ ಹಾಕಿಸ್ಕೊಳ್ಳೋ ಪರಿಸ್ಥಿತಿ ಬರ್ಬಹುದು. ಅದಕ್ಕಿಂತ ನಂಗೆ ಭಯ ಆಗೋದು ಏನಂದ್ರೆ, ಫಿಲ್ಲರ್ ಹೊರಗಿಂದ ಹಾಕೋದು, ಗದ್ದ ನೋಡ್ತಾರೆ, ಫೋಟೋ ತೆಗೀತಾರೆ, ಬಾಯಿ ತೆಗೆಸಿ ಒಳಗೆ ನೋಡದೇನೇ ಕಳಿಸಿಬಿಡಬಹುದು. ನೀನು ಗದ್ದ ಚೂಪಾಗಿಸ್ಕೊಂಡು ಖುಷಿಯಾಗಿ ಊರಿಗೆ ಬರ್ತೀಯ, ಕಾಯಿಲೆ ಒಳಗೇ ಇರುತ್ತೆ.

ಇಂಪ್ಲಾಂಟ್ ಅಂದ್ರೆ ಸಿಲಿಕೋನ್ ಅಥವಾ ರಂಧ್ರ ರಂಧ್ರ ಇರೋ ಪಾಲಿಎಥಿಲೀನ್ ತುಂಡನ್ನ ಗದ್ದದ ಮೂಳೆ ಮೇಲೆ ಕೂರ್ಸೋದು. ಗದ್ದದ ಕೆಳಗೆ ಸಣ್ಣ ಕಟ್ ಮಾಡಿನೂ ಹಾಕ್ತಾರೆ, ಬಾಯಿ ಒಳಗಿಂದನೂ ಹಾಕ್ತಾರೆ. ಒಂದು ವಾರ ಹತ್ತು ದಿನಕ್ಕೆ ಕೂತು ಮಾಡೋ ಕೆಲ್ಸಕ್ಕೆ ಹೋಗ್ಬಹುದು, ಭಾರ ಎತ್ತೋದು, ಗದ್ದಕ್ಕೆ ಪೆಟ್ಟು ಬೀಳೋ ಕೆಲ್ಸ ಎಲ್ಲ ಒಂದು ತಿಂಗಳಾದ್ರೂ ಬೇಡ, ಅಂದ್ರೆ ನೀನು ಅಡಿಕೆ ಕೊನೆ ಹೊರೋದು ಆಗದ ಮಾತು. ಸೋಂಕು ಆಗ್ಬಹುದು, ಜಾಗ ಸರೀಬಹುದು, ಬೇಡ ಅಂದ್ರೆ ತೆಗೆಸ್ಬಹುದು.

ಮೂಳೆ ಕಟ್ ಮಾಡೋದಕ್ಕೆ ಜೀನಿಯೋಪ್ಲಾಸ್ಟಿ ಅಂತಾರೆ. ಕೆಳತುಟಿ ಒಳಗಡೆ ಕಟ್ ಮಾಡಿ, ಹಲ್ಲಿನ ಬೇರಿಗಿಂತ ಕೆಳಗೆ ಗದ್ದದ ಮೂಳೆ ಕತ್ತರಿಸಿ, ಮುಂದಕ್ಕೆ ತಂದು ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕ್ತಾರೆ. ಪೂರ್ತಿ ಅನಸ್ತೇಶಿಯಾ. ಎರಡು ವಾರ ಮೆತ್ತಗಿನ ಊಟ, ಮೂಳೆ ಕೂಡೋಕೆ ಆರೆಂಟು ವಾರ, ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣೋಕೆ ಕೆಲವು ತಿಂಗಳು. ಕೆಳತುಟಿ, ಗದ್ದ ಮರಗಟ್ಟಿದ ಹಾಗೆ ಇರುತ್ತೆ, ಹೆಚ್ಚಿನವರಿಗೆ ವಾರ ತಿಂಗಳಲ್ಲಿ ಸರಿ ಹೋಗುತ್ತೆ, ಕೆಲವರಿಗೆ ಅಲ್ಪಸ್ವಲ್ಪ ಉಳ್ಕೊಂಡೇ ಬಿಡುತ್ತೆ. ಆದ್ರೆ ಮೂರರಲ್ಲಿ ನಂಗೆ ಗೌರವ ಇರೋದು ಇದ್ರ ಮೇಲೇನೇ, ಯಾಕಂದ್ರೆ ನಿನ್ನದೇ ಮೂಳೆ, ಹೊರಗಿನ ವಸ್ತು ಅಂದ್ರೆ ಬರೀ ಪ್ಲೇಟು, ಒಂದು ಸಲ ಮಾಡಿದ್ರೆ ಮುಗೀತು.

ಆದ್ರೆ ಬಾಯಿ ತೆಗೆಯೋಕೆ ಆಗದೇ ಇರೋನಿಗೆ ಈ ಆಪರೇಷನ್ ಹೇಗೆ ಮಾಡ್ತಾರೆ? ಬಾಯಿ ಚಿಕ್ಕದಾದ್ರೆ ಉಸಿರಿನ ಪೈಪ್ ಹಾಕೋದೇ ಅನಸ್ತೇಶಿಯಾ ಡಾಕ್ಟರ್‌ಗೆ ಕಷ್ಟ, ಒಳಗೆ ಕಟ್ ಮಾಡಿದ ಜಾಗ ಇಂಥ ಬಾಯಲ್ಲಿ, ಅದೂ ದಿನಾ ತಂಬಾಕು ಬೀಳೋ ಬಾಯಲ್ಲಿ, ಬೇಗ ಮಾಯೋದೂ ಇಲ್ಲ. ನಿಕೋಟಿನ್ ರಕ್ತ ಸಂಚಾರ ಕಮ್ಮಿ ಮಾಡುತ್ತೆ, ಅದಕ್ಕೇ ಇಂಥ ಆಪರೇಷನ್‌ಗೆ ವಾರಗಟ್ಲೆ ಮುಂಚೆನೇ ಬಿಡ್ಸೋದು. ಹಾಗಾಗಿ ಯಾವ್ದು ಬೇಗ ವಾಸಿ ಆಗುತ್ತೆ ಅನ್ನೋ ನಿನ್ನ ಪ್ರಶ್ನೆಗೆ ಉತ್ರ, ಈಗಿನ ಬಾಯಿಗೆ ಯಾವ್ದೂ ನೆಟ್ಟಗೆ ವಾಸಿ ಆಗುತ್ತೆ ಅಂತ ನಂಬೋ ಹಾಗಿಲ್ಲ. ಇನ್ನು ಆ ದವಡೆಗೆ ಇಟ್ಕೊಂಡು ಕಚ್ಚೋ ರಬ್ಬರ್ ಉಂಡೆ, ನಾಲಿಗೆ ಮೇಲಕ್ಕೊತ್ತಿ ಜಾಲೈನ್ ಬರ್ಸೋದು, ಇವನ್ನೆಲ್ಲ ಭಾವ ಕಳ್ಸಿದ್ರೂ ನೋಡ್ಬೇಡ, ಮೂಳೆ ಅದರಿಂದ ಬೆಳೆಯಲ್ಲ, ದವಡೆ ಕೀಲು ನೋವು ಬರ್ಬಹುದು.

ನಿನ್ನ ಭಾವನ ಬಗ್ಗೆ ಹೇಳ್ಲೇಬೇಕು. ಹೆಣ್ಣಿನ ಮನೆಯೋರ ಮೇಲೆ ನಂಗೆ ಬೇಜಾರಿಲ್ಲ, ಹುಡುಗಿಗೆ ಬೇಡ ಅನ್ನೋ ಹಕ್ಕಿದೆ, ಕಾರಣನೂ ಹೇಳ್ಬೇಕಿಲ್ಲ, ಹಳ್ಳಿ ತೋಟದ ಹುಡುಗರಿಗೆ ಹೆಣ್ಣು ಸಿಗ್ತಿಲ್ಲ ಅನ್ನೋದು ನಮ್ಮ ಮೂರು ತಾಲ್ಲೂಕಲ್ಲೂ ಇರೋ ವಿಷ್ಯ, ಅದು ನಿನ್ನ ಗದ್ದದ ಅಳತೆ ಮೇಲೆ ನಿಂತಿಲ್ಲ. ಆದ್ರೆ ಮೂರು ಬಾಯಿ ದಾಟಿ ಬಂದ ಮಾತನ್ನ ತಂದು ಮನೆ ಹುಡುಗನ ಮುಂದೆ ಹಾಕೋದು ಯಾವ ದೊಡ್ಡಸ್ತಿಕೆ? ನಿಂಗೆ ಪಿಯುಸಿಲಿ ಇರುವಾಗ ಮೊದಲ ಪ್ಯಾಕೆಟ್ ಕೊಟ್ಟಿದ್ದು ಭಾವನೇ ಅಂತ ನೀನೇ ಬರೆದಿದೀಯ, "ತಮಾಷೆಗೆ" ಅಂತ. ಈಗ ಗದ್ದ ಸರಿ ಇಲ್ಲ ಅಂತ ಸೊಸೈಟಿ ಸಾಲ ಮಾಡ್ಸೋಕೆ ಹೊರಟಿರೋದೂ ಅವರೇ. ಅವರಿಗೆ ನಿನ್ನ ಮುಖ ಕಾಣ್ತು, ಹತ್ತು ವರ್ಷದಿಂದ ನೀನು ಊಟ ಹೇಗೆ ಮಾಡ್ತೀಯ ಅನ್ನೋದು ಕಾಣ್ಲಿಲ್ಲ. ಅದು ಕಂಡಿದ್ದು ನಿಮ್ಮಮ್ಮಂಗೆ. ಇಬ್ರಿಗೆ ಅಂತ ಒಂದು ಸಾರು ಮಾಡೋದೇ ಬೇಸರ ಅನ್ನೋ ವಯಸ್ಸಲ್ಲಿ ಆ ತಾಯಿ ಎರಡು ಪಾತ್ರೆ ಇಡ್ತಾರೆ, ಯಾಕೆ ಖಾರ ಆಗಲ್ಲ ಅಂತ ನಿನ್ನ ಕೇಳಿ ನೋಯಿಸ್ದೇನೇ. ನನ್ನ ಪೂರ್ತಿ ಮರುಕ ಅವರಿಗೆ.

ಮದುವೆ ಡೇಟ್, ಹೆಣ್ಣು ನೋಡೋ ಡೇಟ್ ಇಟ್ಕೊಂಡು ಮುಖದ ಮೇಲೆ ಕತ್ತಿ ಆಡ್ಸೋ ನಿರ್ಧಾರ ಮಾಡ್ಬೇಡಿ ಅಂತ ಎಲ್ಲರಿಗೂ ಹೇಳೋದನ್ನೇ ನಿಂಗೂ ಹೇಳ್ತೀನಿ. ಬಾಯಿ ಸರಿ ಮಾಡ್ಕೊಂಡು, ಒಂದು ವರ್ಷ ಆದ್ಮೇಲೂ ನಿಂಗೇ ಬೇಕು ಅನ್ಸಿದ್ರೆ ಗದ್ದ ಮಾಡಿಸ್ಕೋ, ನಾನು ತಪ್ಪು ಅನ್ನಲ್ಲ, ಆಗ ಹಲ್ಲು ಕೂಡೋ ರೀತಿನೂ ತೋರ್ಸು, ಕೆಳದವಡೆನೇ ಹಿಂದಿದ್ರೆ ದಾರಿ ಬೇರೆ ಇರುತ್ತೆ.

ಈಗ ಮಾಡ್ಬೇಕಾಗಿರೋದು ಒಂದೇ. ಕನ್ನಡಿ ಮುಂದೆ ನಿಂತು ತೋರು, ನಡು, ಉಂಗುರ ಬೆರಳು ಮೂರನ್ನೂ ಸೇರಿಸಿ ಒಂದರ ಮೇಲೊಂದು ಬರೋ ಹಾಗೆ ಮುಂದಿನ ಹಲ್ಲುಗಳ ಮಧ್ಯೆ ಇಟ್ಟು ನೋಡು, ಸಾಮಾನ್ಯವಾಗಿ ಮೂರೂ ಹಿಡಿಸ್ಬೇಕು. ಹಿಡಿಸಿದ್ರೂ ಹಿಡಿಸ್ದೇ ಇದ್ರೂ ಸೋಮವಾರ ಬೆಳಗ್ಗೆ ಶಿವಮೊಗ್ಗ ಬಸ್ ಹತ್ತು. ಮೆಗ್ಗಾನ್ ಆಸ್ಪತ್ರೆಲಿ ಹಲ್ಲಿನ ವಿಭಾಗ ಇದೆ, ಆಲ್ಕೊಳದಲ್ಲಿ ಶರಾವತಿ ಡೆಂಟಲ್ ಕಾಲೇಜ್ ಇದೆ, ಎಲ್ಲಿಗಾದ್ರೂ ಹೋಗು, "ಖಾರ ಉರಿಯುತ್ತೆ, ಬಾಯಿ ತೆಗೆಯೋಕಾಗಲ್ಲ, ಅಡಿಕೆ ತಂಬಾಕು ಜಗೀತೀನಿ" ಅಂತ ಮುಚ್ಚಿಡದೆ ಹೇಳು. ಗದ್ದದ ಸುದ್ದಿ ಅವತ್ತು ಎತ್ಬೇಡ. ಒಳಗೆ ಎರಡು ವಾರ ಆದ್ರೂ ಮಾಯದ ಹುಣ್ಣು, ಬಿಳಿ ಕೆಂಪು ಮಚ್ಚೆ ಏನಾದ್ರೂ ಇದ್ರೆ ಬೆರಳಿಟ್ಟು ತೋರ್ಸು, ಬಯಾಪ್ಸಿ (ಒಂದು ಚೂರು ತೆಗೆದು ಪರೀಕ್ಷೆ ಮಾಡೋದು) ಅಂದ್ರೆ ಹೆದರ್ಕೊಂಡು ವಾಪಸ್ ಬರ್ಬೇಡ. ಬಂದಿರೋ ಬಿಗಿತ ಪೂರ್ತಿ ಹೋಗ್ದೇ ಇರ್ಬಹುದು, ಆದ್ರೆ ಜಗಿಯೋದು ನಿಲ್ಸಿ ಅವರು ಹೇಳಿದ ಬಾಯಿ ವ್ಯಾಯಾಮ, ಇಂಜೆಕ್ಷನ್ ಮಾಡಿದ್ರೆ ಬಹಳ ಜನಕ್ಕೆ ತೆರೆಯೋದು ಜಾಸ್ತಿ ಆಗುತ್ತೆ, ಉರಿ ಕಮ್ಮಿ ಆಗುತ್ತೆ. ಬಿಡೋಕೆ ಒಬ್ಬನ ಕೈಲಿ ಆಗಲ್ಲ ಅನ್ಸಿದ್ರೆ ತಂಬಾಕು ಪ್ಯಾಕೆಟ್ ಮೇಲೇನೇ ಅಚ್ಚಾಗಿರುತ್ತಲ್ಲ ಸರ್ಕಾರದ ಉಚಿತ ನಂಬರ್, 1800-11-2356, ಅದಕ್ಕೆ ಬಸ್ಸಲ್ಲಿ ಕೂತೇ ಫೋನ್ ಮಾಡು.

ಹೋಗುವಾಗ ಭಾವನೂ ಜೊತೆಗೆ ಕರ್ಕೊಂಡು ಹೋಗು. ಅವರು ನಿನಗಿಂತ ಎಷ್ಟೋ ವರ್ಷ ಮುಂಚಿಂದ ಜಗೀತಿದಾರೆ, ಅವರ ಬಾಯೂ ಡಾಕ್ಟರ್ ನೋಡ್ಬೇಕು.