ಉಣಿಸುವ ಒಲವಿನ ಮೂಲ

ಪ್ರಶ್ನೆ: ಹೆಂಡತಿಗೆ ಒತ್ತಾಯಿಸಿ ಬಡಿಸುವುದು, ಆಕೆ ಮೈಕೈ ತುಂಬಿಕೊಳ್ಳುವುದನ್ನು ನೋಡುವುದು ನನಗೆ ವಿಶೇಷ ಆಕರ್ಷಣೆ. ಇದಕ್ಕೆ ಜೀವವಿಕಾಸದ ಕಾರಣವಿದೆಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇರಬಹುದು, ಸಾಬೀತಾಗಿಲ್ಲ. ಹೊಳೆಯ ದಡದಲ್ಲಿ ಗಂಡು ಮಿಂಚುಳ್ಳಿಯು ಹಿಡಿದ ಮೀನಿನ ತಲೆಯನ್ನು ಹೆಣ್ಣಿನ ಕಡೆಗೆ ತಿರುಗಿಸಿ, ನುಂಗಲು ಸುಲಭವಾಗುವಂತೆ ಕೊಡುವುದನ್ನು ನೀವೂ ಕಂಡಿರಬಹುದು. ಪ್ರಣಯದಲ್ಲಿ ಉಣಿಸುವಿಕೆ ಅಷ್ಟು ಹಳೆಯದು. ಮನುಷ್ಯರಲ್ಲಿ ಕೊಬ್ಬೆಂದರೆ ಬರಗಾಲದ ಕಣಜ. ಅದು ತೀರ ಕಡಿಮೆಯಾದರೆ ಕೊಬ್ಬಿನ ಕೋಶಗಳೇ ಸ್ರವಿಸುವ ಲೆಪ್ಟಿನ್ ಹಾರ್ಮೋನು ಇಳಿದು ಋತುಚಕ್ರವೇ ನಿಲ್ಲಬಹುದಾದ್ದರಿಂದ, ತುಂಬಿದ ಮೈ ಫಲವತ್ತತೆಯ ಗುರುತಾಗಿ ಕಂಡಿದ್ದೀತು. ಕೊಬ್ಬು ಕೂಡಿಡುವ ವಂಶವಾಹಿಗಳು ಹಸಿವಿನ ಕಾಲದಲ್ಲಿ ಉಪಕಾರಕ್ಕೆ ಬಂದವೆಂದು ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಊಹಿಸಿದ್ದರು; ಆಕ್ಷೇಪಗಳೂ ಇವೆ. ಆದರೆ ತೂಕ ಏರುವುದೇ ಆಕರ್ಷಣೆಯಾಗುವುದರಲ್ಲಿ ಬೆಳೆದ ಪರಿಸರದ ಪಾಲು ಹೆಚ್ಚೆಂದು ನನ್ನೆಣಿಕೆ: ನಮ್ಮ ಪಂಕ್ತಿಯಲ್ಲಿ, ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆ ಬೀಳುವುದಿಲ್ಲವೇ?