ಇಡೀ ಮರ ಒಟ್ಟಿಗೆ ಮಿನುಗಿದ್ದು ಸುಳ್ಳಲ್ಲ

ಓದುಗರ ಪತ್ರ (ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ):

"ನನಗೀಗ ಎಪ್ಪತ್ತೊಂದು. ಚಿಕ್ಕವಳಿದ್ದಾಗ ಬೇಸಿಗೆಯ ರಾತ್ರಿಗಳಲ್ಲಿ ನಾವು ಮಕ್ಕಳೆಲ್ಲ ಅಂಗಳದಲ್ಲಿ ಮಲಗುತ್ತಿದ್ದೆವು. ಎದುರಿಗಿದ್ದ ದೊಡ್ಡ ಮರದ ತುಂಬ ಮಿಂಚುಹುಳಗಳು. ಇಡೀ ಮರ ಒಟ್ಟಿಗೆ ಹೊತ್ತಿಕೊಳ್ಳುತ್ತಿತ್ತು, ಒಟ್ಟಿಗೆ ಆರುತ್ತಿತ್ತು. ಮೊನ್ನೆ ಮೊಮ್ಮಗಳಿಗೆ ಇದನ್ನು ಹೇಳುತ್ತಿದ್ದಾಗ ಮಗ ನಡುವೆ ಬಾಯಿ ಹಾಕಿ, 'ಅಮ್ಮಾ, ಹುಳಗಳೇನು ಸ್ವಿಚ್ ಹಾಕಿದ ಹಾಗೆ ಒಟ್ಟಿಗೆ ಹತ್ತುತ್ತವೆಯೇ? ಚಿಕ್ಕಂದಿನಲ್ಲಿ ಎಲ್ಲ ದೊಡ್ಡದಾಗಿಯೇ ಕಾಣೋದು' ಅಂದ. ನಾನು ಸುಮ್ಮನಾದೆ. ಅಂದಿನಿಂದ ನನಗೇ ಅನುಮಾನ ಹತ್ತಿದೆ. ನಿಜವಾಗಿ ನೋಡಿದ್ದೆನೋ, ನೆನಪೇ ಕಟ್ಟಿಕೊಂಡ ಕತೆಯೋ? ಆ ಹುಳಗಳೆಲ್ಲ ಎಲ್ಲಿ ಹೋದವು? ಸೀಸೆಯಲ್ಲಿ ಹಿಡಿದಿಟ್ಟು ಆಡಿದ ನಮ್ಮಂಥ ಮಕ್ಕಳ ಪಾಪವೂ ಅದರಲ್ಲಿದೆಯೇ?"

ಸಂಪಾದಕರ ಉತ್ತರ:

ಅಮ್ಮಾ, ನೀವು ನೋಡಿದ್ದು ನಿಜ. ಉಳಿದ ಮಾತು ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಹೇಳಿಬಿಡಬೇಕು ಅನ್ನಿಸಿತು. ಮಿಂಚುಹುಳಗಳ ಎಲ್ಲ ಜಾತಿಗಳೂ ಹಾಗೆ ಮಾಡುವುದಿಲ್ಲ. ಆದರೆ ಕೆಲವು ಮಾಡುತ್ತವೆ. ನೂರಾರು ಹುಳಗಳು ಒಂದೇ ಗಳಿಗೆಗೆ ಮಿನುಗಿ, ಒಂದೇ ಗಳಿಗೆಗೆ ಕತ್ತಲಾಗುತ್ತವೆ.

ಮಗನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕಲಿತವರೇ ಇದನ್ನು ನಂಬಿರಲಿಲ್ಲ. 1917ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಿಲಿಪ್ ಲಾರೆಂಟ್ ಎಂಬವರು ಒಂದು ಟಿಪ್ಪಣಿ ಬರೆದರು. ಹುಳಗಳು ಒಟ್ಟಿಗೆ ಮಿನುಗುವುದನ್ನು ಅವರು ತಮ್ಮ ಕಣ್ಣಾರೆ ಕಂಡಿದ್ದರು. ಆದರೂ ಹುಳಗಳು ಹೀಗೆ ಮಾಡಲು ಸಾಧ್ಯವೇ ಇಲ್ಲ ಎಂದುಕೊಂಡು, ಅದು ತಮ್ಮ ಕಣ್ಣರೆಪ್ಪೆ ಪಟಪಟ ಬಡಿದುಕೊಂಡದ್ದರ ಫಲ ಎಂದು ತೀರ್ಮಾನಿಸಿದರು. ಯೋಚನೆ ಮಾಡಿ. ಕಣ್ಣೆದುರಿನ ಸತ್ಯವನ್ನು ಒಪ್ಪುವುದಕ್ಕಿಂತ ತನ್ನ ಕಣ್ಣನ್ನೇ ಅನುಮಾನಿಸುವುದು ಆ ಮನುಷ್ಯನಿಗೆ ಸುಲಭವಾಗಿ ಕಂಡಿತು. ನಿಮ್ಮ ಪತ್ರದ "ನನಗೇ ಅನುಮಾನ ಹತ್ತಿದೆ" ಎಂಬ ಸಾಲು ಓದಿದಾಗ ನನಗೆ ನೆನಪಾದದ್ದು ಅವರೇ.

ಅದಕ್ಕೂ ಎರಡು ಶತಮಾನ ಹಿಂದೆ, 1690ರಲ್ಲಿ, ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ನದಿಯಲ್ಲಿ ದೋಣಿಯಲ್ಲಿ ಹೋಗುತ್ತಿದ್ದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್ ದಡದ ಮರಗಳಲ್ಲಿ ನೀವು ಕಂಡದ್ದನ್ನೇ ಕಂಡು ಬರೆದಿಟ್ಟಿದ್ದ. ಆಮೇಲೂ ಎಷ್ಟೋ ಪ್ರವಾಸಿಗರು ಬರೆದರು. ಪ್ರಯೋಗ ಮಾಡಿ ನೋಡಿದ್ದು ಮಾತ್ರ 1960ರ ದಶಕದಲ್ಲಿ. ಅಮೆರಿಕದ ಜಾನ್ ಬಕ್ ಮತ್ತು ಅವರ ಹೆಂಡತಿ ಎಲಿಸಬೆತ್ ಥಾಯ್ಲೆಂಡಿನ ನದೀತೀರದಲ್ಲಿ ಹುಳಗಳನ್ನು ಹಿಡಿದು ತಂದು, ಬ್ಯಾಂಕಾಕಿನ ತಮ್ಮ ಹೋಟೆಲ್ ಕೋಣೆಯಲ್ಲಿ ದೀಪ ಆರಿಸಿ ಬಿಟ್ಟರು. ಮೊದಲು ಹುಳಗಳು ಗೋಡೆಯ ಮೇಲೆ, ಪರದೆಯ ಮೇಲೆ ತಮ್ಮ ಪಾಡಿಗೆ ಮಿನುಗಿದವು. ಸ್ವಲ್ಪ ಹೊತ್ತಿಗೆ ಎರಡರ ಹೊತ್ತು ಕೂಡಿತು, ಆಮೇಲೆ ಮೂರರದು, ಹೀಗೆ ಬೆಳೆಯುತ್ತ ಹೋಯಿತು. ಕತ್ತಲೆ ಕೋಣೆಯಲ್ಲಿ ಆ ಗಂಡಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದನ್ನು ಊಹಿಸಿಕೊಂಡರೆ ನನಗೆ ನಿಮ್ಮ ಅಂಗಳದ ಮಕ್ಕಳೇ ಕಾಣುತ್ತಾರೆ.

ಇನ್ನೊಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಅದೂ ಒಂದು ಬಾಲ್ಯದ ನೆನಪಿನಿಂದ, ಒಂದು ಪತ್ರದಿಂದ ಶುರುವಾದದ್ದು. ಏಷ್ಯಾದ ಹುಳಗಳು ಒಟ್ಟಿಗೆ ಮಿನುಗುತ್ತವೆ ಎಂದು ಒಪ್ಪಿಕೊಂಡ ಮೇಲೂ, ಉತ್ತರ ಅಮೆರಿಕದಲ್ಲಿ ಅಂಥ ಹುಳಗಳಿಲ್ಲ ಎಂದೇ ಬಹುಮಟ್ಟಿಗೆ ತಿಳಿಯಲಾಗಿತ್ತು. ಲಿನ್ ಫಾಸ್ಟ್ ಎಂಬ ಮಹಿಳೆ ಟೆನೆಸಿ ರಾಜ್ಯದ ಬೆಟ್ಟಗಳ ನಡುವೆ, ಎಲ್ಕ್‌ಮಾಂಟ್ ಎಂಬಲ್ಲಿ, ಚಿಕ್ಕಂದಿನ ಬೇಸಿಗೆಗಳನ್ನು ಕಳೆದವರು. ಮನೆಯವರೆಲ್ಲ ರಾತ್ರಿ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಹುಳಗಳ ಬೆಳಕಿನಾಟ ನೋಡುವುದು ಅವರಿಗೆ ವರ್ಷವರ್ಷದ ರೂಢಿ. ಹುಳಗಳು ಒಟ್ಟಿಗೆ ಕೆಲವು ಸಲ ಮಿನುಗಿ, ಆಮೇಲೆ ಒಟ್ಟಿಗೇ ಕತ್ತಲಲ್ಲಿ ಕೂತು, ಮತ್ತೆ ಶುರುಮಾಡುತ್ತಿದ್ದವು. 1990ರ ದಶಕದ ಆರಂಭದಲ್ಲಿ ಹುಳಗಳ ಈ ಹೊಂದಾಣಿಕೆಯ ಬಗ್ಗೆ ಬಂದ ಲೇಖನವೊಂದನ್ನು ಓದಿದ ಅವರು, ನಮ್ಮಲ್ಲೂ ಇದೆಯಲ್ಲ, ನಾನು ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದೇನೆ ಎಂದು ವಿಜ್ಞಾನಿಗಳಿಗೆ ಪತ್ರ ಬರೆದರು. ಜೊನಾಥನ್ ಕೋಪ್‌ಲ್ಯಾಂಡ್ ಎಂಬ ವಿಜ್ಞಾನಿ ಹೋಗಿ ನೋಡಿದರು. ನಿಜವೇ ಆಗಿತ್ತು. ಐದರಿಂದ ಎಂಟು ಮಿನುಗು, ಆಮೇಲೆ ಸುಮಾರು ಎಂಟು ಸೆಕೆಂಡು ಗಾಢ ಕತ್ತಲೆ. ಇಂದು ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಆ ಜಾಗಕ್ಕೆ ಬರುವವರನ್ನು ಲಾಟರಿ ಎತ್ತಿ ಬಿಡಬೇಕಾಗುವಷ್ಟು ಜನ ಸೇರುತ್ತಾರೆ. ಜಗಲಿಯ ಮೇಲಿನ ಒಂದು ಮಗುವಿನ ನೆನಪು ಪುಸ್ತಕದ ಮಾತನ್ನು ತಿದ್ದಿತು.

ಹುಳಗಳಿಗೆ ಇದು ಹೇಗೆ ಸಾಧ್ಯ ಎಂದು ಮಗ ಕೇಳಿದರೆ ಹೀಗೆ ಹೇಳಿ. ಒಂದೊಂದು ಹುಳದೊಳಗೂ ಒಂದು ಗಡಿಯಾರವಿದೆ. ಪಕ್ಕದ ಹುಳ ಮಿನುಗಿದ್ದು ಕಂಡಾಗ ಅದು ತನ್ನ ಗಡಿಯಾರವನ್ನು ಚೂರು ಮುಂದಕ್ಕೋ ಹಿಂದಕ್ಕೋ ಸರಿಸಿಕೊಳ್ಳುತ್ತದೆ. ಎಲ್ಲವೂ ಎಲ್ಲವನ್ನೂ ನೋಡಿ ಸರಿಸಿಕೊಳ್ಳುತ್ತ ಹೋದರೆ ಕೊನೆಗೆ ಎಲ್ಲದರ ಹೊತ್ತೂ ಒಂದಾಗುತ್ತದೆ. ಮುಂದಾಳು ಇಲ್ಲ, ತಾಳ ಹಾಕುವವರಿಲ್ಲ. 1990ರಲ್ಲಿ ಮಿರೊಲ್ಲೊ ಮತ್ತು ಸ್ಟ್ರೊಗಾಟ್ಸ್ ಎಂಬ ಇಬ್ಬರು ಗಣಿತಜ್ಞರು ಇಂಥ ಹೊಂದಾಣಿಕೆ ತಾನಾಗಿಯೇ ಏರ್ಪಡುತ್ತದೆ ಎಂದು ಲೆಕ್ಕ ಹಾಕಿಯೇ ತೋರಿಸಿದರು.

ಇಷ್ಟು ಹೇಳಿದ ಮೇಲೆ, ನೆನಪು ಎಲ್ಲಿ ಜಾರುತ್ತದೆ ಎನ್ನುವುದನ್ನೂ ನಾನು ಮುಚ್ಚಿಡಬಾರದು. ನನ್ನದೇ ಉದಾಹರಣೆ. ಚಿಕ್ಕವನಿದ್ದಾಗ ಜ್ವರ ಬಂದು ಮಲಗಿದ್ದೆ. ಅಕ್ಕ ಒಂದು ಮಿಂಚುಹುಳವನ್ನು ತಂದು ಸೊಳ್ಳೆಪರದೆಯ ಒಳಗೆ ಬಿಟ್ಟಳು. ಅದು ರಾತ್ರಿಯಿಡೀ ನನ್ನ ತಲೆಯ ಮೇಲೆ ಮಿನುಗುತ್ತಲೇ ಇತ್ತು ಎಂದು ನಾನು ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಅಕ್ಕನ ಪ್ರಕಾರ ನಾನು ಹತ್ತು ನಿಮಿಷಕ್ಕೆಲ್ಲ ನಿದ್ದೆಹೋಗಿದ್ದೆ. ಬೆಳಗ್ಗೆ ಎದ್ದು ನೋಡಿದಾಗ ಪರದೆಯ ಮೂಲೆಯಲ್ಲಿ ಉದ್ದನೆಯ ಕಂದು ಹುಳವೊಂದು ಕೂತಿತ್ತು. ಇದಲ್ಲ, ನನ್ನದು ಎಲ್ಲಿ ಎಂದು ನಾನು ಅತ್ತದ್ದು ಮಾತ್ರ ಇಬ್ಬರಿಗೂ ನೆನಪಿದೆ. ಬೆಳಕಿನ ಹುಳಕ್ಕೆ ಹಗಲಿನ ಮುಖವೂ ಒಂದಿದೆ ಎಂದು ನನಗೆ ತಿಳಿದದ್ದು ಆವತ್ತು.

ನಿಮ್ಮ ನೆನಪಿನಲ್ಲಿಯೂ ಬೇಸಿಗೆಯ ಎಲ್ಲ ರಾತ್ರಿಗಳೂ ಬೆಳಕಿನವೇ ಆಗಿರಬಹುದು. ನಿಜದಲ್ಲಿ ರೆಕ್ಕೆ ಬಂದ ಮಿಂಚುಹುಳದ ಆಯುಷ್ಯ ಕೆಲವೇ ವಾರ. ಆ ಮರ ಹಾಗೆ ಬೆಳಗಿದ್ದು ವರ್ಷಕ್ಕೆ ಹತ್ತೋ ಹದಿನೈದೋ ರಾತ್ರಿ ಇದ್ದೀತು. ಆ ಕೆಲವು ರಾತ್ರಿಗಳು ಬಾಲ್ಯವನ್ನೆಲ್ಲ ತುಂಬಿಕೊಂಡವು. ಅಷ್ಟರಮಟ್ಟಿಗೆ ಮಗನ ಮಾತೂ ಸರಿ. ಅಂಕಿಗಳನ್ನು ಹಿಗ್ಗಿಸುವುದು ನಾವು ಮಾತ್ರವೂ ಅಲ್ಲ. ಹುಳದೊಳಗೆ ನಡೆಯುವ ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳುವ ನೂರು ಕಣಗಳಲ್ಲಿ ಸುಮಾರು ತೊಂಬತ್ತು ಬೆಳಕು ಕೊಡುತ್ತವೆ ಎಂದು 1960ರಿಂದ ಪುಸ್ತಕಗಳು ಹೇಳುತ್ತ ಬಂದವು. 2008ರಲ್ಲಿ ಜಪಾನಿನಲ್ಲಿ ಮತ್ತೆ ಅಳೆದರು. ಸಿಕ್ಕಿದ್ದು ನೂರಕ್ಕೆ 41. ಅಂಕಿ ಅರ್ಧಕ್ಕಿಂತ ಕೆಳಗಿಳಿದರೂ ಬೆಳಕು ಬೆಳಕೇ, ಮುಟ್ಟಿದರೆ ಬಿಸಿಯೂ ತಾಗದ ಬೆಳಕು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಎಲ್ಲಿ ಹೋದವು?

ಎಲ್ಲಿಗೂ ಹೋಗಲಿಲ್ಲ ಅಮ್ಮಾ. ಹೋಗಲು ಆಗದೆ ಇದ್ದಲ್ಲೇ ಮುಗಿದವು. ಸಂಸ್ಕೃತದಲ್ಲಿ ಮಿಂಚುಹುಳಕ್ಕೆ 'ಖದ್ಯೋತ' ಎನ್ನುತ್ತಾರೆ, ಆಕಾಶದಲ್ಲಿ ಹೊಳೆಯುವುದು ಎಂದು ಅರ್ಥ. ಸೂರ್ಯನಿಗೂ ಅದೇ ಹೆಸರುಂಟು. ಹೆಸರು ಚೆಂದವೇ, ಆದರೆ ಅದು ನಮ್ಮನ್ನು ಮೇಲೆ ನೋಡುವಂತೆ ಮಾಡುತ್ತದೆ. ಈ ಹುಳದ ಬಾಳಿನ ಬಹುಪಾಲು ನಡೆಯುವುದು ಕಾಲ ಕೆಳಗೆ. ಒದ್ದೆ ಮಣ್ಣಿನಲ್ಲಿ, ತರಗೆಲೆಯ ಅಡಿಯಲ್ಲಿ, ಕೊಳೆತ ಕೊರಡಿನಲ್ಲಿ, ಕೆಲವು ಜಾತಿಗಳಲ್ಲಿ ನೀರೊಳಗೆ, ಮರಿಹುಳವಾಗಿ ಒಂದು ವರ್ಷ, ಎರಡು ವರ್ಷ. ಆ ಮರಿ ಬಸವನಹುಳು, ಎರೆಹುಳುಗಳನ್ನು ಬೇಟೆಯಾಡಿ ತಿನ್ನುತ್ತದೆ. ತನಗಿಂತ ದೊಡ್ಡ ಬಸವನಹುಳುವಿಗೂ ವಿಷ ಚುಚ್ಚಿ ಮಲಗಿಸುತ್ತದೆ. ಮರಿಯೂ ಮಿನುಗುತ್ತದೆ, ನಾವು ನೋಡುವುದಿಲ್ಲ ಅಷ್ಟೇ. ನಾವು ಬಾಲ್ಯವೆಂದು ಎದೆಯಲ್ಲಿಟ್ಟುಕೊಂಡದ್ದು ಅದರ ಮುಪ್ಪಿನ ಕೊನೆಯ ದಿನಗಳು.

ಆದ್ದರಿಂದ ಮರ ಉಳಿದರೂ ಸಾಲದು. ಮರದ ಬುಡಕ್ಕೆ ಕಾಂಕ್ರೀಟು ಬಿದ್ದರೆ, ತರಗೆಲೆ ಗುಡಿಸಿ ಸುಟ್ಟರೆ, ಒದ್ದೆ ನೆಲ ಒಣಗಿದರೆ, ಬಸವನಹುಳುವಿಗೆಂದು ವಿಷ ಹಾಕಿದರೆ ಮರಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಹಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಇರುವುದಿಲ್ಲ. ಆಕೆ ಹುಲ್ಲಿನ ಬುಡದಲ್ಲಿ ಕೂತು ಬೆಳಕು ತೋರಿಸುತ್ತಾಳೆ, ಗಂಡು ಹುಡುಕಿಕೊಂಡು ಬರಬೇಕು. ಅಂಥ ಹುಳ ಒಂದು ಜಾಗದಿಂದ ಒಮ್ಮೆ ಅಳಿಸಿಹೋದರೆ, ಪಕ್ಕದ ತೋಪಿನಿಂದ ಹಾರಿಬಂದು ಮತ್ತೆ ನೆಲೆಸುವ ಹಾಗಿಲ್ಲ. ಕೆಲವು ತಲೆಮಾರುಗಳ ಮಕ್ಕಳು ನೋಡಿದ್ದನ್ನು ಒಂದು ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲದು. ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ದುಃಖವೂ ಆಗುತ್ತದೆ.

ಇನ್ನು ದೀಪ. ಗಂಡು ಮಿನುಗಿ ಕೇಳುತ್ತದೆ, ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ. ಅವುಗಳಿಗಿರುವ ಭಾಷೆ ಅದೊಂದೇ, ಅದಕ್ಕೆ ಬೇಕಾದದ್ದು ಕತ್ತಲೆ. ಮೇಲೆ ಬೆಳ್ಳಗೆ ಉರಿಯುವ ಎಲ್ಇಡಿ ದೀಪವಿದ್ದರೆ ಆ ಕಿರುದನಿ ಕೇಳುವುದು ಯಾರಿಗೆ? 2020ರಲ್ಲಿ ಹಲವು ದೇಶಗಳ ತಜ್ಞರನ್ನು ಕೇಳಿ ಮಾಡಿದ ಸಮೀಕ್ಷೆಯೊಂದರಲ್ಲಿ ನೆಲೆಯ ನಾಶ ಮೊದಲ ಕಾರಣವಾಗಿ ಬಂದರೆ, ಅದರ ಜೊತೆಜೊತೆಗೆ ಬಂದವು ರಾತ್ರಿದೀಪ ಮತ್ತು ಕೀಟನಾಶಕ. 2011ರಿಂದ 2022ರವರೆಗೆ ಸಾಮಾನ್ಯ ಜನ ಬರಿಗಣ್ಣಿನಿಂದ ನಕ್ಷತ್ರ ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಒಟ್ಟುಮಾಡಿದಾಗ, ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ 9.6 ಶೇಕಡ ಬೆಳ್ಳಗಾಗುತ್ತಿದೆ ಎಂದು ತಿಳಿಯಿತು. ಇದೇ ವೇಗದಲ್ಲಿ, 250 ನಕ್ಷತ್ರ ಕಾಣುವ ಕಡೆ ಹುಟ್ಟಿದ ಮಗು ಹದಿನೆಂಟು ತುಂಬುವ ಹೊತ್ತಿಗೆ ಅಲ್ಲಿ ಕಾಣುವುದು ನೂರೇ. ಮೇಲಿನ ಚುಕ್ಕಿ, ಕೆಳಗಿನ ಚುಕ್ಕಿ, ಎರಡೂ ಒಂದೇ ಬೆಳಕಿನಲ್ಲಿ ಅಳಿಸಿಹೋಗುತ್ತಿವೆ.

ಸೀಸೆಯ ಪಾಪ ನಿಮ್ಮದಲ್ಲ. ನಾಲ್ಕು ಹುಳ ಹಿಡಿದು ಬೆಳಗ್ಗೆ ಬಿಟ್ಟ ಮಕ್ಕಳಿಂದ ಯಾವ ಜಾತಿಯೂ ಅಳಿಯಲಿಲ್ಲ. ಮಕ್ಕಳ ಸೀಸೆಯಿಂದ ವಿಜ್ಞಾನಕ್ಕೆ ಒದಗಿದ್ದೂ ಉಂಟು. 1940ರ ದಶಕದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಮೆಕೆಲ್ರಾಯ್ ಅಲ್ಲಿಯ ಮಕ್ಕಳಿಗೆ ಚಿಲ್ಲರೆ ಕಾಸು ಕೊಟ್ಟು ಸಾವಿರಾರು ಹುಳ ಹಿಡಿಸಿ ತರಿಸಿಕೊಂಡರು. ಎಲ್ಲ ಜೀವಕೋಶಗಳಲ್ಲೂ ಇರುವ ಎಟಿಪಿ ಎಂಬ ಶಕ್ತಿಯ ಕಣವಿಲ್ಲದೆ ಈ ಬೆಳಕು ಹತ್ತದು ಎಂದು 1947ರಲ್ಲಿ ಅವರು ತೋರಿಸಿದರು. ಆ ತಿಳಿವಳಿಕೆಯಿಂದಲೇ ಇಂದು ಆಹಾರದಲ್ಲಿ, ಆಸ್ಪತ್ರೆಯ ಮೇಜಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕೊಳೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ಅಲ್ಲಿ ಬೆಳಕು ಹೊತ್ತಿಸುವುದು ಮಿಂಚುಹುಳದ ಲೂಸಿಫೆರೇಸ್ ಎಂಬ ಕಿಣ್ವ. ಆದರೆ ಮೊಮ್ಮಗಳಿಗೆ ಸೀಸೆ ಕೊಡಬೇಡಿ. ನಿಮ್ಮ ಕಾಲದಲ್ಲಿ ನಾಲ್ಕು ಹುಳ ತೆಗೆದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಒಂದು ಜಾಗದಲ್ಲಿ ಇರುವುದೇ ನಾಲ್ಕಿರಬಹುದು.

ಅವಳಿಗೆ ತೋರಿಸಬೇಕೆಂಬ ಆಸೆ ಪತ್ರದಲ್ಲಿ ನೀವು ಬರೆಯದಿದ್ದರೂ ನನಗೆ ಕಾಣಿಸಿತು. ದೂರದ ಪ್ರವಾಸ ಬೇಡ. ದೀಪಗಳಿಂದ ದೂರವಿರುವ, ಹಳೆಯ ಮರಗಳೂ ತೇವವೂ ಇರುವ ಜಾಗವೊಂದನ್ನು ಹಗಲಲ್ಲೇ ಹೋಗಿ ನೋಡಿಟ್ಟುಕೊಳ್ಳಿ. ಚಂದ್ರನಿಲ್ಲದ ರಾತ್ರಿ ಆರಿಸಿ. ಮೊಬೈಲನ್ನು ಒಳಗಿಟ್ಟು, ಟಾರ್ಚ್ ಆರಿಸಿ, ಒಂದೆಡೆ ಕೂತುಬಿಡಿ. ಕಣ್ಣು ಕತ್ತಲೆಗೆ ಪಳಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಗು ಸುಮ್ಮನಿರಬೇಕಲ್ಲ, ಆಗ ಆ ಮರದ ಕತೆಯನ್ನೇ ಹೇಳಿ. ಮಗನನ್ನೂ ಕರೆದುಕೊಂಡು ಹೋಗಿ. ಒಂದೇ ಹುಳ ಕಂಡರೂ ಎರಡು ಮಿನುಗಿನ ನಡುವೆ ಎಷ್ಟು ಎಣಿಸಬಹುದು ಎಂದು ಮೊಮ್ಮಗಳೇ ಎಣಿಸಲಿ. ಜಾತಿಯಿಂದ ಜಾತಿಗೆ ಆ ಎಣಿಕೆ ಬೇರೆ. ಜಪಾನಿನ ಗೆಂಜಿ ಎಂಬ ಮಿಂಚುಹುಳ ಒಂದೇ ಜಾತಿಯಾದರೂ ದೇಶದ ಪಶ್ಚಿಮದಲ್ಲಿ ಎರಡು ಸೆಕೆಂಡಿಗೊಮ್ಮೆ, ಪೂರ್ವದಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ಮಿನುಗುತ್ತದೆ.

ನನ್ನದೂ ಒಂದು ಕೋರಿಕೆ ಇದೆ. ನಿಮಗೆ ನೆನಪಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಮರ ಯಾವುದು, ಈಗಲೂ ಇದೆಯೇ? ಹುಳಗಳು ಎಲೆಯ ಮೇಲೆ ಕೂತಿರುತ್ತಿದ್ದವೋ ಹಾರುತ್ತಿದ್ದವೋ? ಮೊದಲ ಮಳೆಗೆ ಮುಂಚೆಯೋ ಆಮೇಲೆಯೋ? ಬೆಳಕು ಹಸಿರೋ ಹಳದಿಯೋ? ಕಣ್ಣು ಮುಚ್ಚಿ ಅಂಗಳದಲ್ಲಿ ಮಲಗಿಕೊಂಡಂತೆ ಮಾಡಿ, ಮರ ಆರಿ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ನಿಮ್ಮ ಎಣಿಕೆ ಎಷ್ಟಕ್ಕೆ ಬರುತ್ತಿತ್ತು ಎಂದು ನೋಡಿ. ಸರಿಯಾಗಿ ನೆನಪಾಗದಿದ್ದರೆ ನೆನಪಿಲ್ಲ ಎಂದೇ ಬರೆಯಿರಿ, ಊಹಿಸಬೇಡಿ. ಆ ಹಾಳೆ ಬಂದ ಕೂಡಲೇ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ. ಅಂಥ ಮರ ಕಂಡ ಬೇರೆ ಓದುಗರೂ ಬರೆಯಲಿ.

— ಸಂಪಾದಕ